ಹಿಡಿಯ ಬಳಿ ಬಳೆಯಿರುವ ಕತ್ತಿ: ಹಳೆಯ ಬಯೊನೆಟ್ ಗುರುತಿಸುವುದು ಹೇಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಗುತ್ತಿನ ಮನೆಗಳಲ್ಲಿ ಅಟ್ಟ ಖಾಲಿ ಮಾಡುವಾಗ, ಆಸ್ತಿ ಪಾಲಾಗಿ ಪೆಟ್ಟಿಗೆ ತೆರೆಯುವಾಗ, ಆಯುಧ ಪೂಜೆಗೆಂದು ಕಬ್ಬಿಣದ ಸಾಮಾನು ಅಂಗಳಕ್ಕೆ ತರುವಾಗ ಒಮ್ಮೊಮ್ಮೆ ಒಂದು ಉದ್ದನೆಯ ಅಲಗು ಕೈಗೆ ಸಿಗುತ್ತದೆ. ಕತ್ತಿಯಂತೇ ಇರುತ್ತದೆ, ಆದರೆ ಊರಿನ ಕಮ್ಮಾರ ಮಾಡಿದ್ದಲ್ಲ. ಹಿಡಿ ಹಿತ್ತಾಳೆಯದ್ದೋ ಚರ್ಮ ಹೊದಿಸಿದ್ದೋ ಆಗಿರುತ್ತದೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಒಂದು ತುದಿಯಲ್ಲಿ ಬೆರಳು ತೂರುವಷ್ಟು ಅಗಲದ ಬಳೆ.

ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕತೆ ಹೇಳುತ್ತಾರೆ. ಒಂದೋ ಅದು ಟಿಪ್ಪುವಿನ ಕಾಲದ್ದು, ಇಲ್ಲವೇ ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಕರೆಯುವ 1837ರ ರೈತ ದಂಗೆಯದ್ದು. ಈ ಎರಡು ಕತೆಗಳು ಸುಮ್ಮನೆ ಹುಟ್ಟಿದವಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆಯ ಗೋಡೆಗಳು ಈಗಲೂ ಇವೆ. 1799ರಲ್ಲಿ ಅದು ಬ್ರಿಟಿಷರ ವಶವಾಯಿತು. 1837ರಲ್ಲಿ ಸುಳ್ಯದಿಂದ ಹೊರಟ ರೈತರ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ದಾರಿಯಲ್ಲೇ ಮಂಗಳೂರಿಗೆ ನಡೆಯಿತು. ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ, ಕಲ್ಯಾಣಪ್ಪ ಎಂದು ಹೆಸರಾದ ಪುಟ್ಟಬಸಪ್ಪ, ನಂದಾವರದ ಬಂಗರಸ ಮುಂದಾಳುಗಳಾಗಿದ್ದ ಆ ದಂಡು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿ 13 ದಿನ ಮಂಗಳೂರನ್ನು ಕೈಯಲ್ಲಿ ಇಟ್ಟುಕೊಂಡಿತ್ತು. ಇಂದು ಬಿ.ಸಿ.ರೋಡಿನ ಹೆದ್ದಾರಿಯಲ್ಲಿ ನಿಂತವರು ಆ ದಂಡು ನಡೆದ ಹಾದಿಯ ಆಸುಪಾಸಿನಲ್ಲೇ ನಿಂತಿರುತ್ತಾರೆ. ಅಂಥ ಊರಿನಲ್ಲಿ ಅಟ್ಟದಿಂದ ಇಳಿದ ಅಲಗಿಗೆ ಕಲ್ಯಾಣಪ್ಪನ ಹೆಸರು ಅಂಟಿಕೊಳ್ಳುವುದು ಸಹಜ.

ಆದರೆ ಆ ಅಡ್ಡಪಟ್ಟಿಯ ಬಳೆ ಬೇರೆ ಮಾತು ಹೇಳುತ್ತದೆ. ಕತ್ತಿಗೆ ಬಳೆ ಬೇಕಾಗಿಲ್ಲ. ದೈವದ ಕಡ್ಸಲೆಗೆ ಇಲ್ಲ, ಕೊಡವರ ಪೀಚೆಕತ್ತಿಗೆ ಇಲ್ಲ, ಒಡಿಕತ್ತಿಗೂ ಇಲ್ಲ. ಬಳೆ ಇರುವುದು ಕೋವಿಯ ನಳಿಗೆಯ ತುದಿಗೆ ತೊಡಿಸುವುದಕ್ಕೆ. ಅಂದರೆ ನಿಮ್ಮ ಕೈಯಲ್ಲಿರುವುದು ಬಯೊನೆಟ್, ಅದರಲ್ಲೂ ಕತ್ತಿಯಂಥ ಉದ್ದ ಅಲಗಿನ ಬಯೊನೆಟ್. ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ಅಳತೆಯ ಕೆಲಸ. ಅಳೆಯುವ ಮೊದಲು ಒಂದು ಕೆಲಸ ಮಾತ್ರ ಮಾಡಬಾರದು: ಅದನ್ನು ತಿಕ್ಕಬಾರದು. ಈ ವಿಷಯಕ್ಕೆ ಮತ್ತೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ಇಂಥ ವಸ್ತುಗಳ ಗುರುತು ಅಳಿಸಿಹೋಗುವುದು ತುಕ್ಕಿನಿಂದ ಮಾತ್ರವಲ್ಲ, ಭಕ್ತಿಯಿಂದ ತಿಕ್ಕುವುದರಿಂದಲೂ ಹೌದು.

ಕೋವಿಗೆ ಅದು ಕೂರುವ ಬಗೆ

ಕತ್ತಿ ಬಯೊನೆಟ್ಟು ಕೋವಿಯನ್ನು ಎರಡು ಕಡೆ ಹಿಡಿದುಕೊಳ್ಳುತ್ತದೆ. ಬಳೆ ನಳಿಗೆಯ ಬಾಯಿಗೆ ತೂರುತ್ತದೆ. ಹಿಡಿಯ ಬೆನ್ನಿನ ಮೇಲೆ ಉದ್ದಕ್ಕೆ ಕೊರೆದ ಒಂದು ಗಾಡಿ ಇರುತ್ತದೆ, ಬಡಗಿ ಹಲಗೆ ಕೂಡಿಸಲು ಕೊರೆಯುವಂಥದ್ದೇ. ಕೋವಿಯ ನಳಿಗೆಯ ಬದಿಗೋ ಕೆಳಗೋ ಬೆಸೆದ ಉಕ್ಕಿನ ಸಣ್ಣ ತುಂಡು ಈ ಗಾಡಿಯೊಳಗೆ ಜಾರುತ್ತದೆ. ಪೂರ್ತಿ ಒಳಗೆ ಹೋದಾಗ ಹಿಡಿಯಲ್ಲಿರುವ ಸ್ಪ್ರಿಂಗ್ ಕೊಕ್ಕೆ ಆ ತುಂಡಿನ ಕಚ್ಚಿಗೆ ಬಿದ್ದು ಟಕ್ ಎಂದು ಕಚ್ಚಿಕೊಳ್ಳುತ್ತದೆ. ತೆಗೆಯಬೇಕಾದರೆ ಹಿಡಿಯ ತುದಿಯ ಗುಂಡಿ ಒತ್ತಬೇಕು. ನಿಮ್ಮ ಅಲಗಿನ ಹಿಡಿಯನ್ನು ತಿರುಗಿಸಿ ನೋಡಿದರೆ ಈ ಗಾಡಿ, ಗುಂಡಿ, ಪಕ್ಕದಲ್ಲಿ ಸ್ಕ್ರೂ ಹಾಕಿ ಕೂಡಿಸಿದ ಪಟ್ಟಿ ಸ್ಪ್ರಿಂಗ್ ಕಾಣಬೇಕು. ತುಕ್ಕು ಹಿಡಿದು ಗುಂಡಿ ಸಿಕ್ಕಿಕೊಂಡಿದ್ದರೆ ಬಲವಂತ ಬೇಡ. ಆ ಸ್ಪ್ರಿಂಗ್ ಮುರಿದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ.

ಕೆಲವು ಮನೆಗಳಲ್ಲಿ ಬಳೆಯನ್ನೇ ಅರದಿಂದ ಉಜ್ಜಿ ತೆಗೆದಿರುತ್ತಾರೆ. ಕೋವಿ ಇಲ್ಲದವರಿಗೆ ಬಳೆ ಕೈಗೆ ಅಡ್ಡ ಬರುತ್ತದೆ. ಅಲಗನ್ನು ಅರ್ಧ ಕಡಿದು ಮನೆಗೆಲಸದ ಕತ್ತಿ ಮಾಡಿಕೊಂಡಿರುವುದೂ ಉಂಟು. ಆಗಲೂ ಹಿಡಿಯ ಗಾಡಿ ಉಳಿದಿರುತ್ತದೆ. ಕತ್ತಿಯ ಹಿಡಿಯಲ್ಲಿ ಉದ್ದ ಗಾಡಿಗೆ ಬೇರೆ ಯಾವ ಕೆಲಸವೂ ಇಲ್ಲ. ಹಾಗಾಗಿ ಬಳೆ ಇಲ್ಲದಿದ್ದರೂ ಗಾಡಿಯೊಂದೇ ಸಾಕ್ಷಿಯಾಗುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದ ಬ್ರಿಟಿಷ್ ಬೇಕರ್ ರೈಫಲ್‌ನ ಬಯೊನೆಟ್ಟಿಗಂತೂ ಹುಟ್ಟಿನಿಂದಲೇ ಬಳೆ ಇರಲಿಲ್ಲ. ಹಿತ್ತಾಳೆ ಹಿಡಿ, ಬೆರಳು ಕಾಯುವ ಹಿತ್ತಾಳೆ ಕಮಾನು, ಹಿಡಿಯಲ್ಲಿ ಗಾಡಿ, ಸುಮಾರು 23–24 ಅಂಗುಲದ ನೇರ ಅಲಗು. ಕೋವಿಯ ಬದಿಯ ಪಟ್ಟಿಗೆ ಹಿಡಿ ನೇರವಾಗಿ ಕಚ್ಚಿಕೊಳ್ಳುತ್ತಿತ್ತು.

ಬಳೆಯ ಒಳವ್ಯಾಸ

ಒಂದೇ ಒಂದು ಅಳತೆ ತೆಗೆದುಕೊಳ್ಳಲು ಅವಕಾಶವಿದ್ದರೆ ನಾನು ಬಳೆಯ ಒಳವ್ಯಾಸ ತೆಗೆದುಕೊಳ್ಳುತ್ತೇನೆ. ಅಲಗನ್ನು ಕಡಿಯಬಹುದು, ಉಜ್ಜಬಹುದು, ಹಿಡಿ ಬದಲಿಸಬಹುದು. ಬಳೆ ಉಳಿದಿದ್ದರೆ ಅದು ಸಾಮಾನ್ಯವಾಗಿ ಯಾವ ನಳಿಗೆಗೆ ಹುಟ್ಟಿತೋ ಆ ನಳಿಗೆಯ ಅಳತೆಯನ್ನೇ ಹೊತ್ತಿರುತ್ತದೆ.

ಇದರ ಹಿಂದೆ ಒಂದು ಸರಳ ಕಾರಣವಿದೆ. ಹತ್ತೊಂಬತ್ತನೇ ಶತಮಾನ ಮುಂದೆ ಸಾಗಿದಂತೆ ಸೈನಿಕ ಕೋವಿಗಳ ಗುಂಡು ಸಣ್ಣದಾಗುತ್ತ ಬಂತು. 1853ರ ಎನ್‌ಫೀಲ್ಡ್‌ನ ನಳಿಗೆಯ ಒಳಬಾಯಿ 0.577 ಅಂಗುಲ, ಅಂದರೆ ಸುಮಾರು 14.7 ಮಿಲಿಮೀಟರ್. 1871ರ ಮಾರ್ಟಿನಿ–ಹೆನ್ರಿಯದ್ದು 0.45 ಅಂಗುಲ. 1888ರ ಲೀ–ಮೆಟ್‌ಫರ್ಡ್‌ನದ್ದು 0.303 ಅಂಗುಲ, ಎಂಟು ಮಿಲಿಮೀಟರ್ ಕೂಡ ಇಲ್ಲ. ಗುಂಡು ಸಣ್ಣದಾದಂತೆ ನಳಿಗೆ ತೆಳುವಾಯಿತು, ಬಳೆ ಕಿರಿದಾಯಿತು. ಒಳವ್ಯಾಸ 20 ಮಿ.ಮೀ. ದಾಟಿದರೆ ನಿಮ್ಮ ಮನಸ್ಸು ಮೊದಲು 1850–60ರ ದಶಕದ ಎನ್‌ಫೀಲ್ಡ್ ಕಡೆಗೆ ಹೋಗಬೇಕು. 18ರ ಆಸುಪಾಸು ಬಂದು ಹಿಡಿ ಹಿತ್ತಾಳೆಯದ್ದಾದರೆ ಫ್ರೆಂಚರ ಶಸ್‌ಪೋ ಕೋವಿಯ ಕಡೆಗೆ. 17ಕ್ಕಿಂತ ಕೆಳಗೆ ಬಂದರೆ ಶತಮಾನದ ಕೊನೆಗೆ, ಇಲ್ಲವೇ ಇಪ್ಪತ್ತನೆಯ ಶತಮಾನಕ್ಕೆ.

ಅಳೆಯಲು ಸ್ಕೇಲು ಸಾಲದು. ಒಂದೆರಡು ಮಿಲಿಮೀಟರ್ ವ್ಯತ್ಯಾಸವೇ ಇಲ್ಲಿ ದೇಶ ಬದಲಿಸುತ್ತದೆ. ಶಾಲೆಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ಐ.ಟಿ.ಐ.ಯಲ್ಲಿ, ಲೇತ್ ಇರುವ ಯಾವುದೇ ವರ್ಕ್‌ಶಾಪಿನಲ್ಲಿ ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಅದೂ ಸಿಗದಿದ್ದರೆ ಡ್ರಿಲ್ ಬಿಟ್‌ಗಳ ನಯವಾದ ಹಿಂಬದಿಯನ್ನು ಒಂದೊಂದಾಗಿ ಬಳೆಯೊಳಗೆ ತೂರಿಸಿ ನೋಡಿ. ಯಾವುದು ಹೋಯಿತು, ಯಾವುದು ಹೋಗಲಿಲ್ಲ ಎಂಬುದು ಸಾಕಷ್ಟು ನಿಖರ ಉತ್ತರ ಕೊಡುತ್ತದೆ. ಎರಡು ದಿಕ್ಕಿನಲ್ಲಿ ಅಳೆಯಿರಿ, ಬಿದ್ದು ನಜ್ಜಾದ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಬಳೆಯ ಒಳಗೆ ಇನ್ನೊಂದು ತೆಳು ಬಳೆ ಕೂಡಿಸಿದ ಗೆರೆ ಕಾಣುತ್ತದೆಯೇ ಎಂದೂ ನೋಡಿ. ಎನ್‌ಫೀಲ್ಡ್‌ಗೆ ಮಾಡಿದ ಹಳೆಯ ಬಯೊನೆಟ್ಟುಗಳನ್ನು ಬ್ರಿಟಿಷರು ಬಿಸಾಡಲಿಲ್ಲ. ಮಾರ್ಟಿನಿ–ಹೆನ್ರಿಯ ತೆಳು ನಳಿಗೆಗೆ ಕೂರುವಂತೆ ಬಳೆಯೊಳಗೆ ಉಕ್ಕಿನ ಬುಷ್ ಹಾಕಿ ಮತ್ತೆ ಬಳಸಿದರು. ಅಂಥ ಒಂದು ಗೆರೆ ಕಂಡರೆ ಆ ಅಲಗು ಎರಡು ತಲೆಮಾರಿನ ಕೋವಿಗಳನ್ನು ಕಂಡಿದೆ ಎಂದು ತಿಳಿಯಬಹುದು.

ಅಲಗಿನ ಬಾಗು

ಇನ್ನು ಅಲಗು. ನೆಲದ ಮೇಲೆ ಮಲಗಿಸಿ ಮೇಲಿನಿಂದ ನೋಡಿ. ಅದು ಹಿಡಿಯಿಂದ ಹೊರಟು ಒಮ್ಮೆ ಕೆಳಕ್ಕೆ ಬಾಗಿ, ತುದಿಗೆ ಹೋಗುವಾಗ ಮತ್ತೆ ಮೇಲಕ್ಕೆ ತಿರುಗಿದ್ದರೆ ಅದಕ್ಕೆ ಯಾಟಗನ್ ಅಲಗು ಎನ್ನುತ್ತಾರೆ. ತುರ್ಕಿಯ ಕತ್ತಿಯ ಹೆಸರು ಅದು. ಫ್ರೆಂಚರು 1840ರ ದಶಕದಲ್ಲಿ ಈ ಆಕಾರವನ್ನು ಬಯೊನೆಟ್ಟಿಗೆ ತಂದರು, ಯುರೋಪಿನ ಬಹುತೇಕ ಸೇನೆಗಳು ಹಿಂಬಾಲಿಸಿದವು.

ಈ ಬಾಗು ಚೆಂದಕ್ಕೆ ಬಂದದ್ದಲ್ಲ. ಆ ಕಾಲದ ಕೋವಿಗೆ ಮದ್ದು, ಗುಂಡು ಎರಡನ್ನೂ ಬಾಯಿಯಿಂದಲೇ ತುಂಬಿ ಗಜದಿಂದ ದಮ್ಮಾಸು ಮಾಡಬೇಕಿತ್ತು. ಬಯೊನೆಟ್ ಕೂಡಿಸಿಕೊಂಡೇ ಅದನ್ನು ಮಾಡಬೇಕಾದ ಹೊತ್ತು ಬರುತ್ತಿತ್ತು. ಅಲಗು ನೇರವಾಗಿದ್ದರೆ ಗಜ ಹಿಡಿದ ಕೈ ಅದಕ್ಕೆ ತಾಗುತ್ತದೆ. ಅಲಗನ್ನು ನಳಿಗೆಯ ಗೆರೆಯಿಂದ ಆಚೆಗೆ ಬಾಗಿಸಿದಾಗ ಕೈಗೆ ಜಾಗ ಸಿಕ್ಕಿತು. ಕೋವಿಗೆ ಹಿಂಬದಿಯಿಂದ ತೋಟಾ ತುಂಬುವ ಪದ್ಧತಿ ಬಂದ ಮೇಲೆ ಬಾಗಿನ ಅಗತ್ಯ ಮುಗಿಯಿತು. ಆದರೂ ಸೇನೆಗಳು ಕೆಲವು ವರ್ಷ ಅದನ್ನು ಬಿಡಲಿಲ್ಲ. 1866ರ ಶಸ್‌ಪೋ ಹಿಂದಿನಿಂದ ತುಂಬುವ ಕೋವಿ, ಅದರ ಬಯೊನೆಟ್ಟು ಮಾತ್ರ ಇನ್ನೂ ಬಾಗಿಯೇ ಇತ್ತು. ಅದರ ನಂತರ ಬಂದ 1874ರ ಗ್ರಾ ಕೋವಿಯ ಬಯೊನೆಟ್ ನೇರವಾಯಿತು. ಅಲಗು ತೆಳು, ಬೆನ್ನು ದಪ್ಪ, ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಟಿ ಅಕ್ಷರದಂತೆ. ಬ್ರಿಟಿಷರ 1887ರ ಮಾದರಿಯೂ ನೇರ, ಅಲಗು ಹದಿನೆಂಟೂವರೆ ಅಂಗುಲ. ಆದ್ದರಿಂದ ಬಾಗಿದ ಅಲಗು ಕಂಡರೆ 1840ರಿಂದ 1870ರ ದಶಕದೊಳಗೆ ಹುಡುಕಿ.

ಇಷ್ಟು ಉದ್ದ ಯಾಕೆ ಎಂಬ ಪ್ರಶ್ನೆಯೂ ಬರುತ್ತದೆ. ಸಾಮಾನ್ಯ ಕಾಲಾಳಿನ ಕೋವಿ ಉದ್ದ, ಅದಕ್ಕೆ ಹದಿನೇಳು ಅಂಗುಲದ ಮುಮ್ಮೂಲೆ ಮೊಳೆಯಂಥ ಬಯೊನೆಟ್ ಸಾಕಿತ್ತು. ರೈಫಲ್ ಪಡೆಗಳು, ಸಾರ್ಜೆಂಟರು, ಸೇತುವೆ–ಕಂದಕ ಕೆಲಸದ ಸ್ಯಾಪರ್‌ಗಳು ಹಿಡಿದದ್ದು ಗಿಡ್ಡ ಕೋವಿ. ಕುದುರೆ ಸವಾರನ ಎದುರು ನಿಲ್ಲಬೇಕಾದರೆ ಒಟ್ಟು ಉದ್ದ ಸಮ ಬರಬೇಕು, ಹಾಗಾಗಿ ಕೋವಿಯಲ್ಲಿ ಕಡಿಮೆಯಾದದ್ದನ್ನು ಅಲಗಿನಲ್ಲಿ ತುಂಬಿದರು. 1780ರಲ್ಲಿ ಹುಟ್ಟಿ ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಗೂ ನಮ್ಮ ಜಿಲ್ಲೆಗೂ ಇದ್ದ ಆಡಳಿತದ ನಂಟನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ.

ಹೆಚ್ಚಾಗಿ ಎದುರಾಗುವ ಮೂರ್ನಾಲ್ಕು ಬಗೆ

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಕತ್ತಿ ಬಯೊನೆಟ್ಟುಗಳಲ್ಲಿ ಮೊದಲು ತಿಳಿದುಕೊಳ್ಳಬೇಕಾದದ್ದು 1856ರ ಮಾದರಿ ಮತ್ತು ಅದರ ಬೆನ್ನಿಗೆ ಬಂದ 1858, 1860ರ ಮಾದರಿಗಳು. ಬಾಗಿದ ಅಲಗು, ಉದ್ದ ಸುಮಾರು 22¾ ಅಂಗುಲ. ಎರಡೂ ಬದಿಯಲ್ಲಿ ಉದ್ದಕ್ಕೆ ತೋಡು. ಅಡ್ಡಪಟ್ಟಿ ಉಕ್ಕಿನದ್ದು. ಹಿಡಿಗೆ ಕಪ್ಪು ಚರ್ಮ, ಅದರ ಮೇಲೆ ಒತ್ತಿದ ಚೌಕುಳಿ ಗೆರೆಗಳು, ಸಾಲಾಗಿ ರಿವೆಟ್‌ಗಳು. ಒರೆ ಚರ್ಮದ್ದು, ಬಾಯಿಗೂ ತುದಿಗೂ ಉಕ್ಕಿನ ಕಟ್ಟು. ಈ ಅಲಗುಗಳಲ್ಲಿ ಬಹಳಷ್ಟು ಇಂಗ್ಲೆಂಡಿನಲ್ಲಿ ತಯಾರಾದವಲ್ಲ, ಜರ್ಮನಿಯ ಜೋಲಿಂಗನ್ ಪಟ್ಟಣದವು. ಆದ್ದರಿಂದ ಹಿಡಿಯ ಬುಡದಲ್ಲಿ ಶಿರಸ್ತ್ರಾಣ ತೊಟ್ಟ ತಲೆಯ ಅಥವಾ ಕಿರೀಟ ತೊಟ್ಟ ರಾಜನ ತಲೆಯ ಸಣ್ಣ ಮುದ್ರೆ ಕಂಡು ಇದು ಜರ್ಮನ್ ಸೇನೆಯದ್ದೆಂದು ತೀರ್ಮಾನಿಸಬೇಡಿ. ಅವು ಜೋಲಿಂಗನ್ನಿನ ತಯಾರಕರ ಗುರುತು.

ಎರಡನೆಯದು 1866ರ ಶಸ್‌ಪೋ. ಒಮ್ಮೆ ಕಂಡವರು ಮರೆಯುವುದಿಲ್ಲ. ಹಿತ್ತಾಳೆಯ ಹಿಡಿಯ ಮೇಲೆ ಅಡ್ಡಕ್ಕೆ ಒಂದರ ಪಕ್ಕ ಒಂದು ಗೀರು, ಅಡ್ಡಪಟ್ಟಿಯ ಒಂದು ತುದಿ ಕೊಕ್ಕೆಯಂತೆ ಬಾಗಿರುವುದು, 57 ಸೆಂಟಿಮೀಟರಿನಷ್ಟು ಬಾಗಿದ ಅಲಗು, ಒರೆ ಪೂರ್ತಿ ಉಕ್ಕು. ಇದರ ದೊಡ್ಡ ಉಪಕಾರವೆಂದರೆ ತನ್ನ ಜಾತಕವನ್ನು ತಾನೇ ಹೊತ್ತಿರುವುದು. ಅಲಗಿನ ಬೆನ್ನಿನ ಮೇಲೆ, ಹಿಡಿಯಿಂದ ಶುರುವಾಗಿ, ಕೈಬರಹದಂತೆ ಕೊರೆದ ಸಾಲೊಂದು ಇರುತ್ತದೆ: ಕಾರ್ಖಾನೆಯ ಊರು, ತಿಂಗಳು, ವರ್ಷ. ಊರು ಸ್ಯಾಂತ್ ಎತಿಯೆನ್, ಶಾತೆಲ್‌ರೋ, ತ್ಯೂಲ್, ಮ್ಯುತ್ಸಿಗ್‌ಗಳಲ್ಲಿ ಒಂದಾಗಿರಬಹುದು. 1870ರಲ್ಲಿ ಮೂರನೇ ನೆಪೋಲಿಯನ್ ಪದಚ್ಯುತನಾಗುವವರೆಗೆ ಅಲ್ಲಿ ಸಾಮ್ರಾಟನ ಕಾರ್ಖಾನೆ ಎಂಬರ್ಥದ ಪದವಿದೆ, ಆಮೇಲೆ ಬರೀ ಆಯುಧ ಕಾರ್ಖಾನೆ. ಅಡ್ಡಪಟ್ಟಿಯ ಮೇಲೊಂದು ಸಂಖ್ಯೆ, ಒರೆಯ ಮೇಲೆ ಅದೇ ಸಂಖ್ಯೆ. ಎರಡೂ ತಾಳೆಯಾದರೆ ಒರೆಯೂ ಅಲಗೂ ಹುಟ್ಟಿನಿಂದ ಜೊತೆಗಿವೆ. ನಮ್ಮ ಕರಾವಳಿಯ ದಕ್ಷಿಣಕ್ಕೆ ಮಾಹೆ 1954ರವರೆಗೆ ಫ್ರೆಂಚರ ಕೈಯಲ್ಲಿತ್ತು, ಉತ್ತರಕ್ಕೆ ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಬ್ರಿಟಿಷ್ ಜಿಲ್ಲೆಯ ಮನೆಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಬ್ರಿಟಿಷರದ್ದೇ ಇರಬೇಕೆಂಬ ನಿಯಮವಿಲ್ಲ. ಹಾಗೆಯೇ ಫ್ರೆಂಚರದ್ದೆಂದು ತಿಳಿದ ಮಾತ್ರಕ್ಕೆ ಮಾಹೆಯಿಂದಲೇ ಬಂತೆಂದೂ ಹೇಳಲಾಗದು. ಸೇನೆ ಬಿಟ್ಟ ಮೇಲೆ ಇಂಥವು ಜಗತ್ತಿನ ಎಲ್ಲ ಬಂದರುಗಳ ಹಳೆ ಸಾಮಾನಿನ ವ್ಯಾಪಾರದಲ್ಲಿ ಓಡಾಡಿವೆ.

ಮೂರನೆಯದು ಬ್ರಿಟಿಷರ 1888ರ ಮಾದರಿ, ಲೀ–ಮೆಟ್‌ಫರ್ಡ್ ಕೋವಿಯದ್ದು. ಅಧಿಕೃತವಾಗಿ ಇದೂ ಕತ್ತಿ ಬಯೊನೆಟ್ಟೇ, ನೋಡಲು ಮಾತ್ರ ಗಿಡ್ಡ: 12 ಅಂಗುಲದ ಇಬ್ಬಾಯಿ ಅಲಗು, ತೋಡಿಲ್ಲ, ನಡುವೆ ಏಣು, ಹಿಡಿಗೆ ಎರಡು ಮರದ ಹಲಗೆ. ದಿನಾಂಕ ಹಾಕುವ ಶಿಸ್ತು ಇದರಲ್ಲಿ ಚೆನ್ನಾಗಿದೆ. ಹಿಡಿಯ ಬುಡದಲ್ಲಿ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್., ಅದರ ಕೆಳಗೆ ತಿಂಗಳು ಮತ್ತು ವರ್ಷದ ಕೊನೆಯ ಎರಡು ಅಂಕಿ. 8, 97 ಎಂದಿದ್ದರೆ 1897ರ ಆಗಸ್ಟ್.

ನಾಲ್ಕನೆಯದನ್ನು ಹೇಳಲೇಬೇಕು, ಹತ್ತೊಂಬತ್ತನೇ ಶತಮಾನದ್ದೆಂದು ಜನ ಹೆಚ್ಚು ತಪ್ಪು ತಿಳಿಯುವುದು ಅದನ್ನೇ. ಅದು 1907ರ ಮಾದರಿ, 17 ಅಂಗುಲದ ನೇರ ಅಲಗು, ಎರಡೂ ಬದಿ ತೋಡು, ಮರದ ಹಿಡಿ. ಅಲಗಿನ ಮೇಲೆ 1907 ಎಂದು ಒತ್ತಿರುತ್ತದೆ. ಅದು ಮಾದರಿಯ ವರ್ಷ, ತಯಾರಾದ ವರ್ಷವಲ್ಲ. ತಯಾರಾದ ತಿಂಗಳು–ವರ್ಷ ಬೇರೆಯಾಗಿ ಸಣ್ಣ ಅಂಕಿಯಲ್ಲಿರುತ್ತದೆ. ಆರ್.ಎಫ್.ಐ. ಎಂಬ ಮೂರಕ್ಷರ ಕಂಡರೆ ಅದು ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯ ಭಾರತೀಯ ತಯಾರಿ. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಇವನ್ನು 12 ಅಂಗುಲಕ್ಕೆ ಗಿಡ್ಡ ಮಾಡಿದರು. ಅಜ್ಜನೋ ಮಾವನೋ ಸೇನೆಯಲ್ಲಿ, ಪೊಲೀಸಿನಲ್ಲಿ ಇದ್ದ ಮನೆಯಲ್ಲಿ ಸಿಗುವ ಬಯೊನೆಟ್ ಇದಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೂ ಬೆಲೆಯಿದೆ. ಮನೆಯವರ ಬದುಕಿಗೆ ನೇರ ತಾಗಿದ ವಸ್ತು ಅದು.

ಮುದ್ರೆಗಳನ್ನು ಓದುವುದು

ಮುದ್ರೆಗಳು ಹೆಚ್ಚಾಗಿ ಹಿಡಿಯ ಬುಡದಲ್ಲಿ, ಅಲಗು ಶುರುವಾಗುವ ಹರಿತವಿಲ್ಲದ ಎರಡು ಅಂಗುಲದಲ್ಲಿ ಇರುತ್ತವೆ. ಉಳಿದವು ಬೆನ್ನಿನ ಮೇಲೆ, ಅಡ್ಡಪಟ್ಟಿಯ ಮೇಲೆ, ಹಿಡಿಯ ತುದಿಯಲ್ಲಿ. ಬ್ರಿಟಿಷರದ್ದಾದರೆ ಮೇಲ್ಮುಖವಾದ ಮೂರು ಗೆರೆಯ ಬಾಣ ಕಾಣಬೇಕು, ಅದು ಸರ್ಕಾರದ ಸ್ವತ್ತು ಎಂಬ ಗುರುತು. ಅದರೊಡನೆ ಬಿ.ಒ. ಎಂದಿದ್ದರೆ 1855ಕ್ಕಿಂತ ಹಿಂದಿನದು, ಡಬ್ಲ್ಯೂ.ಡಿ. ಎಂದಿದ್ದರೆ ಆಮೇಲಿನದು. ಬಾಣದ ಕೆಳಗೆ ಐ ಅಕ್ಷರವಿದ್ದರೆ ಭಾರತದ ಲೆಕ್ಕಕ್ಕೆ ಸೇರಿದ್ದು. ಪುಟ್ಟ ಕಿರೀಟ, ಅಂಕಿ, ಅಕ್ಷರ ಒಂದರ ಕೆಳಗೆ ಒಂದು ಬಂದರೆ ಅದು ತಪಾಸಣೆಗಾರನ ಮುದ್ರೆ. ಇ ಎಂದರೆ ಎನ್‌ಫೀಲ್ಡ್, ಬಿ ಎಂದರೆ ಬರ್ಮಿಂಗ್‌ಹ್ಯಾಮ್. ಎಕ್ಸ್ ಗುರುತು ಕಂಡು ರದ್ದು ಮಾಡಿದ್ದೆಂದು ಭಾವಿಸಬೇಡಿ: ಅಲಗನ್ನು ಬಗ್ಗಿಸಿ ಪರೀಕ್ಷೆ ಮಾಡಿ, ಮುರಿಯದೆ ನೇರಕ್ಕೆ ಬಂತು ಎಂಬುದಕ್ಕೆ ಒತ್ತಿದ ಗುರುತು ಅದು.

ಈಸ್ಟ್ ಇಂಡಿಯಾ ಕಂಪೆನಿಯ ಗುರುತು ಬೇರೆ. ಹೃದಯದಾಕಾರದ ಚೌಕಟ್ಟಿನೊಳಗೆ ಕಂಪೆನಿಯ ಅಕ್ಷರಗಳು ಇದ್ದರೆ 1808ಕ್ಕಿಂತ ಹಿಂದಿನದು. ಆಮೇಲೆ ಬಂದದ್ದು ಹಿಂಗಾಲಿನ ಮೇಲೆ ನಿಂತು ಮುಂಗಾಲಿನಲ್ಲಿ ಕಿರೀಟ ಹಿಡಿದ ಸಿಂಹ. ಕಂಪೆನಿಯ ಆಡಳಿತ ಮುಗಿದದ್ದು 1858ರಲ್ಲಿ. ಹಳೆಯ ಕಂಪೆನಿ ಮುದ್ರೆಯ ಮೇಲೆ ರಾಣಿಯ ಮುದ್ರೆ ಬಿದ್ದಿರುವುದೂ ಉಂಟು.

ಇಲ್ಲಿ ಕಲ್ಯಾಣಪ್ಪನ ಕತೆಗೆ ಮರಳಬೇಕು. 1837ರಲ್ಲಿ ಕಂಪೆನಿಯ ಸಿಪಾಯಿ ಹೊತ್ತದ್ದು ಚಕಮಕಿ ಕಲ್ಲಿನ ಉದ್ದ ಕೋವಿ. ಅದರ ಬಯೊನೆಟ್ಟಿಗೆ ಹಿಡಿಯೇ ಇಲ್ಲ. ಒಂದು ಕೊಳವೆ, ಅದರ ಪಕ್ಕಕ್ಕೆ ಬಾಗಿ ಮುಂದೆ ಚಾಚಿದ ಮೂರು ಏಣಿನ ಹದಿನೇಳು ಅಂಗುಲದ ಮೊನೆ. ಕೊಳವೆಯನ್ನು ನಳಿಗೆಗೆ ತೂರಿಸಿ ತಿರುಗಿಸಿದರೆ ಕೂರುತ್ತಿತ್ತು. ಟಿಪ್ಪುವಿನ ಪಡೆಯ ಎದುರು ಗಡಾಯಿಕಲ್ಲಿಗೆ ಬಂದವರದ್ದೂ ಇದೇ ಬಗೆ. ಹಾಗಾಗಿ ಉದ್ದ ಅಲಗಿನ, ಚರ್ಮದ ಹಿಡಿಯ, ಬಳೆಯಿರುವ ಬಯೊನೆಟ್ಟಿಗೆ ಕಾಟಕಾಯಿಯ ಹೆಸರು ಹೊಂದುವುದಿಲ್ಲ, ಅದು ಹುಟ್ಟಿದ್ದೇ ಇಪ್ಪತ್ತು ವರ್ಷ ತಡವಾಗಿ. ನನ್ನ ಚಿಂತೆ ಇನ್ನೊಂದು. ನಿಜವಾಗಿ 1837ಕ್ಕೆ ಸೇರಬಹುದಾದ ಆ ಮುಮ್ಮೂಲೆ ಮೊನೆ ಕತ್ತಿಯಂತೆ ಕಾಣುವುದಿಲ್ಲ, ಮುರಿದ ಹಾರೆಯ ತುಂಡಿನಂತೆ ಕಾಣುತ್ತದೆ. ಅದನ್ನು ಯಾರೂ ಪೂಜೆಗೆ ಇಡುವುದಿಲ್ಲ. ಗುಜರಿಯವನ ತಕ್ಕಡಿಗೆ ಮೊದಲು ಹೋಗುವುದು ಅದೇ. ಅಟ್ಟದಲ್ಲಿ ಕೊಳವೆ ಇರುವ ಮೂರು ಏಣಿನ ಕಬ್ಬಿಣ ಕಂಡರೆ, ದಯವಿಟ್ಟು, ಕೊಳವೆಯ ಮೇಲೆ ಸಿಂಹ ಇದೆಯೇ ನೋಡದೆ ಮಾರಬೇಡಿ. ಅಮರ ಸುಳ್ಯದ ದಂಗೆಯೆಂದೂ ಕರೆಯುವ ಆ ಕಾಟಕಾಯಿಗೆ ಈ ಜಿಲ್ಲೆ ಪ್ರತಿಮೆ ನಿಲ್ಲಿಸಿದೆ, ಪುಸ್ತಕ ಬರೆದಿದೆ. ಕೈಯಲ್ಲಿ ಹಿಡಿಯಬಹುದಾದ ವಸ್ತುಗಳು ಬಹಳ ಕಡಿಮೆ.

ತಿಕ್ಕಬಾರದು

ಆಯುಧ ಪೂಜೆಯ ಹಿಂದಿನ ದಿನ ಹಿತ್ತಾಳೆಗೆ ಹುಣಿಸೆ ಹುಳಿ, ಕಬ್ಬಿಣಕ್ಕೆ ಮರಳು ಕಾಗದ ಹಿಡಿಯುವುದು ನಮ್ಮ ಮನೆಗಳ ವಾಡಿಕೆ. ದೀಪಕ್ಕೆ, ಮೆಟ್ಟುಕತ್ತಿಗೆ ಅದು ಸರಿ. ಈ ಅಲಗಿನ ಮೇಲೆ ಬೇಡ. ತಪಾಸಣೆಗಾರನ ಮುದ್ರೆ ಒಂದು ಅಕ್ಕಿಕಾಳಿನಷ್ಟು ದೊಡ್ಡದು, ಅದರ ಆಳ ಕೂದಲೆಳೆಯಷ್ಟು. ಮರಳು ಕಾಗದದ ಕೆಲವೇ ಉಜ್ಜಿಗೆ ವರ್ಷ, ಕಾರ್ಖಾನೆ, ಪಡೆಯ ಸಂಖ್ಯೆ ಎಲ್ಲ ಹೋಗುತ್ತವೆ. ಫ್ರೆಂಚ್ ಅಲಗಿನ ಬೆನ್ನಿನ ಬರಹವಂತೂ ಇನ್ನೂ ತೆಳು. ಹೋದದ್ದನ್ನು ಯಾವ ಪ್ರಯೋಗಾಲಯವೂ ಪೂರ್ತಿಯಾಗಿ ಮರಳಿ ತರಲಾರದು. ಗ್ರೈಂಡರ್ ಯಂತ್ರಕ್ಕೆ ಹಿಡಿದು ಹೊಳೆಯಿಸಿದ ಅಲಗು ನೋಡಿದರೆ ನನಗೆ ತಿದ್ದಿದ ದಾಖಲೆ ಪತ್ರ ನೋಡಿದಷ್ಟೇ ಸಂಕಟವಾಗುತ್ತದೆ.

ಸಡಿಲ ಧೂಳನ್ನು ಮೃದು ಬ್ರಷ್‌ನಿಂದ ತೆಗೆಯಿರಿ. ಕೆಂಪು ತುಕ್ಕಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಹಾಕಿ ರಾತ್ರಿಯಿಡೀ ಬಿಟ್ಟು ಹತ್ತಿ ಬಟ್ಟೆಯಿಂದ ಒರೆಸಿ. ತೆಂಗಿನೆಣ್ಣೆ ಬೇಡ, ಅದು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನೂ ತೇವವನ್ನೂ ಹಿಡಿದಿಡುತ್ತದೆ. ಚರ್ಮದ ಹಿಡಿಗೆ ಯಾವ ಎಣ್ಣೆಯೂ ಬೇಡ. ಚರ್ಮ ತಾಗಿದಲ್ಲಿ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ, ಉಕ್ಕಿಗೆ ತುಕ್ಕು. ಆಟಿಯ ಮಳೆ ಸುರಿಯುವ ಈ ನೆಲದಲ್ಲಿ ಅಲಗನ್ನು ಚರ್ಮದ ಒರೆಯೊಳಗೆ ವರ್ಷಗಟ್ಟಲೆ ಬಿಡುವುದು ಅದನ್ನು ತಿನ್ನಲು ಕೊಟ್ಟಂತೆ. ಎರಡನ್ನೂ ಬೇರೆಯಾಗಿ, ಗಾಳಿಯಾಡುವಲ್ಲಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಅಲಗು ದೈವದ ಭಂಡಾರದಲ್ಲಿದ್ದರೆ ಮಾತು ಬೇರೆ. ಅಲ್ಲಿ ಅದು ಬಯೊನೆಟ್ ಆಗಿ ಉಳಿದಿಲ್ಲ, ದೈವದ ಸೊತ್ತಾಗಿದೆ. ಮನೆಯ ಹಿರಿಯರ, ಭಂಡಾರ ನೋಡಿಕೊಳ್ಳುವವರ ಒಪ್ಪಿಗೆ ಇಲ್ಲದೆ ಮುಟ್ಟಬಾರದು. ಒಪ್ಪಿಗೆ ಸಿಕ್ಕರೂ ಇದ್ದಲ್ಲೇ ಅಳೆದು, ಇದ್ದಂತೆಯೇ ಚಿತ್ರ ತೆಗೆದು ಬಿಡುವುದು ಒಳ್ಳೆಯದು.

ಮುದ್ರೆ ಸವೆದಿದ್ದರೆ ಬೆಳಗಿನ ಓರೆ ಬಿಸಿಲಿಗೆ ಹಿಡಿದು, ಅಲಗನ್ನು ನಿಧಾನ ತಿರುಗಿಸುತ್ತ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಬರುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಆಗುತ್ತದೆ. ಎರಡು ಬದಿ, ಬೆನ್ನು, ಬಳೆಯ ಎದುರು, ಹಿಡಿಯ ತುದಿ, ಒರೆ, ಇಷ್ಟನ್ನೂ ಪಕ್ಕದಲ್ಲಿ ಸ್ಕೇಲಿಟ್ಟು ತೆಗೆಯಿರಿ.

ನಕಲಿಯ ಬಗ್ಗೆ ಒಂದು ಮಾತು. ಸಿನಿಮಾಕ್ಕೆ, ಗೋಡೆಯ ಅಲಂಕಾರಕ್ಕೆಂದು ಹಳೆಯ ಬಯೊನೆಟ್ಟುಗಳ ಪ್ರತಿಗಳನ್ನು ನಮ್ಮ ದೇಶದಲ್ಲೇ ಮಾಡುತ್ತಾರೆ, ಡೆಹ್ರಾಡೂನ್ ಅದಕ್ಕೆ ಹೆಸರಾದ ಊರು. ಎರಕದ ಹಿತ್ತಾಳೆಯಲ್ಲಿ ಗುಳ್ಳೆ ತೂತು, ಒತ್ತಿದ್ದಲ್ಲದೆ ಎರಕದಲ್ಲೇ ಬಂದ ಮಬ್ಬು ಅಕ್ಷರ, ಕೋವಿಗೆ ಕೂರಲಾರದಷ್ಟು ಒರಟು ಗಾಡಿ, ಕೆಲಸ ಮಾಡದ ಗುಂಡಿ ಇದ್ದರೆ ಅನುಮಾನಿಸಿ. ಮೊಂಡು ಬಾಯಿ ಮಾತ್ರ ನಕಲಿಯ ಲಕ್ಷಣವಲ್ಲ. ಅಸಲಿ ಬಯೊನೆಟ್ಟುಗಳಿಗೂ ಶಾಂತಿಯ ಕಾಲದಲ್ಲಿ ಸಾಣೆ ಹಿಡಿಯುತ್ತಿರಲಿಲ್ಲ, ಯುದ್ಧಕ್ಕೆ ಹೊರಡುವಾಗ ಹಿಡಿಯುತ್ತಿದ್ದರು.

ಕಾನೂನು ಮತ್ತು ದಾಖಲೆ

ಆಯುಧ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಬಾಕು, ಭರ್ಜಿಗಳ ಜೊತೆ ಬಯೊನೆಟ್ಟಿನ ಹೆಸರು ಬಿಡಿಸಿ ಬರೆದಿದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅಂಥ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು. ಚುನಾವಣೆ, ಗಲಭೆಯ ಹೊತ್ತಿನ ನಿಷೇಧಾಜ್ಞೆ ಬೇರೆ ಇರುತ್ತದೆ. ಹಾಗಾಗಿ ಚೀಲದಲ್ಲಿ ಹಾಕಿಕೊಂಡು ಬಲ್ಲವರಿಗೆ ತೋರಿಸಲು ಬಸ್ಸಿನಲ್ಲಿ ಹೊರಡಬೇಡಿ. ಮೊದಲು ಚಿತ್ರ ಕಳಿಸಿ, ಸಾಗಿಸುವ ಅಗತ್ಯ ಬಿದ್ದರೆ ಠಾಣೆಯಲ್ಲಿ ಕೇಳಿ ಬರೆಯಿಸಿಕೊಳ್ಳಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯಂತೆ ಪ್ರಾಚ್ಯವಸ್ತು. ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವ ಮಗ ನೆನಪಿಗೆಂದು ಕೊಂಡೊಯ್ಯುವಂತಿಲ್ಲ. ತೋಟ ಅಗೆಯುವಾಗ, ಬಾವಿ ತೋಡುವಾಗ ನೆಲದಡಿಯಿಂದ ಸಿಕ್ಕಿದ್ದಾದರೆ ನಿಧಿಯ ಕಾನೂನು ಅನ್ವಯಿಸಬಹುದು, ತಾಲೂಕು ಕಚೇರಿಗೆ ತಿಳಿಸುವುದು ಸುರಕ್ಷಿತ.

ಮನೆಯಲ್ಲಿ ಇಟ್ಟುಕೊಳ್ಳುವ ಮನಸ್ಸಿಲ್ಲದಿದ್ದರೆ ದಾರಿ ದೂರವಿಲ್ಲ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತು ಸಂಗ್ರಹಾಲಯವಿದೆ. ತುಳುವರ ದಿನನಿತ್ಯದ ಬದುಕಿನ ವಸ್ತುಗಳನ್ನು ಮನೆಮನೆಯಿಂದ ಕಲೆಹಾಕಿದ ಜಾಗ ಅದು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ ಬೆಳ್ತಂಗಡಿಯವರಿಗೆ ಹತ್ತಿರ. ಮಂಗಳೂರಿನ ಬಿಜೈಯಲ್ಲಿ ಸರ್ಕಾರದ ಶ್ರೀಮಂತಿ ಬಾಯಿ ಸ್ಮಾರಕ ವಸ್ತು ಸಂಗ್ರಹಾಲಯವಿದೆ.

ಎಲ್ಲಿಗೆ ಕೊಟ್ಟರೂ, ಮನೆಯಲ್ಲೇ ಇಟ್ಟರೂ, ಒಂದು ಹಾಳೆ ಬರೆದು ಅಲಗಿನ ಜೊತೆ ಇಡಿ. ಒಟ್ಟು ಉದ್ದ, ಅಲಗಿನ ಉದ್ದ, ಬಳೆಯ ಒಳವ್ಯಾಸ, ಹಿಡಿ ಯಾವುದರದ್ದು, ಎಲ್ಲಿ ಯಾವ ಮುದ್ರೆ ಇದೆ, ಓದಲಾಗದ್ದನ್ನು ಕಂಡಂತೆ ಬಿಡಿಸಿದ ಚಿತ್ರ. ಅದರ ಕೆಳಗೆ ಬೇರೆ ಕಲಂನಲ್ಲಿ ಮನೆಯವರ ಕತೆ: ಯಾವ ಮನೆ, ಯಾವ ಅಟ್ಟ ಅಥವಾ ಪೆಟ್ಟಿಗೆ, ಯಾರು ತಂದರೆಂದು ಯಾರು ಹೇಳಿದರು, ಯಾವ ವರ್ಷ ಹೇಳಿದರು. ಟಿಪ್ಪುವಿನದ್ದೆಂದು ಅಜ್ಜಿ ಹೇಳಿದ್ದರೆ ಹಾಗೆಯೇ ಬರೆಯಿರಿ, ಅಳತೆ ಒಪ್ಪದಿದ್ದರೂ ಅಳಿಸಬೇಡಿ. ಎರಡು ಕಲಂಗಳನ್ನು ಬೆರೆಸದಿದ್ದರೆ ಸಾಕು.